ಮನೆಗೆ ಬರುವ ವಿದೇಶಿ ವಿದ್ಯಾರ್ಥಿ: ಕಲಬುರಗಿ ಭಾಗಕ್ಕೆ ರೋಟರಿ, ಎಎಫ್‌ಎಸ್, ಸರ್ವಾಸ್ ಎಷ್ಟು ಒಗ್ಗುತ್ತವೆ?

ಹದಿನಾರು-ಹದಿನೇಳರ ವಿದೇಶಿ ಹುಡುಗನನ್ನೋ ಹುಡುಗಿಯನ್ನೋ ಕೆಲವು ತಿಂಗಳು ಮನೆಯಲ್ಲಿ ಇಟ್ಟುಕೊಳ್ಳುವ ಮಾತು ಬಂದಾಗ ಎಲ್ಲರೂ ಮೊದಲು ಕೇಳುವುದು ‘ಯಾವ ಸಂಸ್ಥೆ ಚಲೋ?’ ಅಂತ. ಕಲಬುರಗಿ, ಬೀದರ್, ಯಾದಗಿರಿಯವರು ಅದಕ್ಕೂ ಮೊದಲು ಕೇಳಬೇಕಾದದ್ದು ಇನ್ನೊಂದಿದೆ. ರಾತ್ರಿ ಹನ್ನೊಂದಕ್ಕೆ ಹುಡುಗಿಗೆ ಜ್ವರ ಏರಿದರೆ, ಆ ಸಂಸ್ಥೆಯ ಪರವಾಗಿ ಫೋನ್ ಎತ್ತಿ ಅರ್ಧ ತಾಸಿನೊಳಗೆ ನಿಮ್ಮ ಬಾಗಿಲಿಗೆ ಬರುವವರು ಯಾರು? ಅಂಥವರ ಹೆಸರು, ಮನೆ, ಫೋನ್ ನಂಬರು ಕೈಯಲ್ಲಿದ್ದರೆ ಈ ಕಾರ್ಯಕ್ರಮಗಳು ನಿಜಕ್ಕೂ ಒಳ್ಳೆಯವು. ‘ಬೆಂಗಳೂರಿನಲ್ಲಿ ನಮ್ಮ ಪ್ರತಿನಿಧಿ ಇದ್ದಾರೆ’ ಎಂದಷ್ಟೇ ಉತ್ತರ ಬಂದರೆ, ಸಂಸ್ಥೆ ಎಷ್ಟೇ ದೊಡ್ಡದಿರಲಿ, ಇಡೀ ವರ್ಷದ ವಿದ್ಯಾರ್ಥಿಯನ್ನು ಒಪ್ಪಿಕೊಳ್ಳಬೇಡಿ. ಮುಂದಿನ ವಿಮರ್ಶೆಯೆಲ್ಲ ಈ ಒಂದು ಅಳತೆಯ ಮೇಲೇ ನಿಂತಿದೆ.

ರೋಟರಿ ಯೂತ್ ಎಕ್ಸ್‌ಚೇಂಜ್ ಈ ಅಳತೆಯಲ್ಲಿ ಮುಂದಿದೆ, ಏಕೆಂದರೆ ಕ್ಲಬ್ಬುಗಳು ನಮ್ಮೂರುಗಳಲ್ಲೇ ಇವೆ. ಆದರೆ ಕ್ಲಬ್ ಇದ್ದ ಮಾತ್ರಕ್ಕೆ ಈ ವಿನಿಮಯ ನಡೆಯುವುದಿಲ್ಲ. ರೋಟರಿಯ ‘ಜಿಲ್ಲೆ’ ಎಂದರೆ ನಮ್ಮ ಕಂದಾಯ ಜಿಲ್ಲೆಯಲ್ಲ, ಹಲವು ಜಿಲ್ಲೆಗಳು ಸೇರಿದ ದೊಡ್ಡ ವಲಯ. ಆ ವಲಯಕ್ಕೆ ರೋಟರಿ ಇಂಟರ್‌ನ್ಯಾಷನಲ್‌ನ ಪ್ರಮಾಣೀಕರಣ ಇದ್ದರೆ ಮಾತ್ರ ವಿದ್ಯಾರ್ಥಿಗಳನ್ನು ಕಳಿಸಬಹುದು, ಕರೆಸಿಕೊಳ್ಳಬಹುದು. ಈ ವರ್ಷ ಅದು ಚಾಲ್ತಿಯಲ್ಲಿದೆಯೇ ಎಂದು ಕ್ಲಬ್ ಅಧ್ಯಕ್ಷರನ್ನು ನೇರವಾಗಿ ಕೇಳಿ. ಇದರಲ್ಲಿ ಎರಡು ಬಗೆ. ದೀರ್ಘಾವಧಿಯದು ಒಂದು ಶೈಕ್ಷಣಿಕ ವರ್ಷದ್ದು, ಸಾಮಾನ್ಯವಾಗಿ 15ರಿಂದ 19 ವಯಸ್ಸಿನವರಿಗೆ. ಅಲ್ಪಾವಧಿಯದು ಕೆಲವು ದಿನಗಳಿಂದ ಮೂರು ತಿಂಗಳವರೆಗೆ. ದೀರ್ಘಾವಧಿಯಲ್ಲಿ ವಿದ್ಯಾರ್ಥಿ ಸಾಮಾನ್ಯವಾಗಿ ಒಂದಕ್ಕಿಂತ ಹೆಚ್ಚು ಮನೆಗಳಲ್ಲಿ ಇರುತ್ತಾನೆ. ನಮ್ಮ ಕುಟುಂಬಗಳಿಗೆ ಇದು ದೊಡ್ಡ ಅನುಕೂಲ. ಮನೆಯಲ್ಲಿ ಮದುವೆ ಬಂತು, ಮುತ್ಯಾಗೆ ಆಪರೇಷನ್ ಆಯಿತು ಅಂದರೆ ಹುಡುಗ ಮುಂದಿನ ಮನೆಗೆ ಹೋಗುವ ದಾರಿ ಮೊದಲೇ ತೆರೆದಿರುತ್ತದೆ. ನೀವು ರೋಟರಿ ಸದಸ್ಯರೇ ಆಗಿರಬೇಕೆಂದೂ ಇಲ್ಲ.

ಎಎಫ್‌ಎಸ್‌ನ ಇತಿಹಾಸ ದೊಡ್ಡದು. ಮೊದಲ ಮಹಾಯುದ್ಧದಲ್ಲಿ ಗಾಯಾಳುಗಳನ್ನು ಸಾಗಿಸಿದ ಅಮೆರಿಕದ ಸ್ವಯಂಸೇವಕ ಆಂಬುಲೆನ್ಸ್ ಚಾಲಕರ ಸಂಘಟನೆ ಅದು. ಎರಡನೇ ಯುದ್ಧ ಮುಗಿದ ಮೇಲೆ, 1947ರಲ್ಲಿ, ಹೈಸ್ಕೂಲ್ ವಿದ್ಯಾರ್ಥಿಗಳ ವಿನಿಮಯಕ್ಕೆ ಇಳಿಯಿತು. ವಿದ್ಯಾರ್ಥಿಗೂ ಮನೆಯವರಿಗೂ ಕೊಡುವ ತರಬೇತಿಯಲ್ಲಿ ಎಎಫ್‌ಎಸ್ ಬಹಳ ಗಟ್ಟಿ. ಬರುವ ಮುಂಚೆ, ಬಂದ ಮೇಲೆ, ನಡುವೆ, ಹೊರಡುವ ಮುಂಚೆ ಎಂದು ಹಂತ ಹಂತವಾಗಿ ಕೂಡಿಸಿ ಮಾತಾಡಿಸುತ್ತಾರೆ. ವಿದ್ಯಾರ್ಥಿ ಬಹುಮಟ್ಟಿಗೆ ಒಂದೇ ಮನೆಯಲ್ಲಿ ಬೇರೂರಲಿ ಎಂಬುದು ಅವರ ಪದ್ಧತಿ. ಭಾರತದಲ್ಲಿ ಅವರು ಹೆಚ್ಚಾಗಿ ಶಾಲೆಗಳ ಮೂಲಕ ಕೆಲಸ ಮಾಡುವುದರಿಂದ, ನಮ್ಮ ಭಾಗದವರು ಮನೆಯಿಂದ ಅರ್ಜಿ ಹಾಕುವ ಬದಲು ಮಕ್ಕಳ ಶಾಲೆಯ ಪ್ರಾಂಶುಪಾಲರಿಂದಲೇ ಶುರುಮಾಡುವುದು ಒಳ್ಳೆಯದು. ಶಾಲೆ ಆಸಕ್ತಿ ತೋರದಿದ್ದರೆ ಮನೆಯವರ ಉತ್ಸಾಹವೊಂದರಿಂದ ಕೆಲಸ ಮುಂದಕ್ಕೆ ಹೋಗುವುದು ಕಷ್ಟ.

ಸರ್ವಾಸ್ ಬೇರೆಯೇ ಬಗೆಯದು. 1949ರಲ್ಲಿ ಡೆನ್ಮಾರ್ಕಿನಲ್ಲಿ ಶಾಂತಿಗಾಗಿ ಶುರುವಾದ ಬಳಗ ಇದು. ಸಂದರ್ಶನ ಮುಗಿಸಿ ಪರಿಚಯಪತ್ರ ಹಿಡಿದು ಬಂದ ಪ್ರಯಾಣಿಕರಿಗೆ ಸದಸ್ಯರ ಮನೆಯಲ್ಲಿ ಎರಡು ರಾತ್ರಿ ತಂಗಲು ಜಾಗ, ಮನೆಯವರ ಜೊತೆ ಊಟ, ಮಾತು. ಅತಿಥಿಗೂ ಮನೆಯವರಿಗೂ ನಡುವೆ ಹಣದ ವ್ಯವಹಾರವೇ ಇಲ್ಲ. ಹೊರಗಿನವರನ್ನು ಎಂದೂ ಮನೆಯಲ್ಲಿ ಇಟ್ಟುಕೊಳ್ಳದ ಕುಟುಂಬಕ್ಕೆ ನಮ್ಮ ಮೊದಲ ಸಲಹೆ ಇದೇ. ವರ್ಷದ ವಿದ್ಯಾರ್ಥಿಯನ್ನು ಒಪ್ಪಿಕೊಳ್ಳುವ ಮುಂಚೆ ಇಬ್ಬರು-ಮೂವರು ಸರ್ವಾಸ್ ಅತಿಥಿಗಳನ್ನು ಕರೆಸಿ ನೋಡಿ. ಬಚ್ಚಲಿನ ಗೊಂದಲವೇನು, ಖಾರದ ಗೊಂದಲವೇನು, ಮನೆಯ ಹಿರಿಯರಿಗೆ ಇದು ನಿಜವಾಗಿ ಸರಿಬರುತ್ತದೆಯೇ ಎಂಬುದೆಲ್ಲ ಎರಡೇ ರಾತ್ರಿಯಲ್ಲಿ ಗೊತ್ತಾಗುತ್ತದೆ.

ದುಡಿಮೆಯ ಶಿಬಿರಗಳದು ಇನ್ನೊಂದು ದಾರಿ. ಸರ್ವೀಸ್ ಸಿವಿಲ್ ಇಂಟರ್‌ನ್ಯಾಷನಲ್ 1920ರಲ್ಲಿ ಫ್ರಾನ್ಸಿನ ಯುದ್ಧಪೀಡಿತ ಹಳ್ಳಿಯಲ್ಲಿ ಮನೆ ಕಟ್ಟಲು ಶುರುಮಾಡಿದ ಪದ್ಧತಿ ಇಂದಿಗೂ ನಡೆದಿದೆ. ಶಾಲೆಯ ಗೋಡೆಗೆ ಬಣ್ಣ ಬಳಿಯುವುದು, ಗಿಡ ನೆಡುವುದು ಇಂಥ ಎರಡು-ಮೂರು ವಾರದ ಕೆಲಸಕ್ಕೆ ಅದು ಚೆನ್ನ. ಇಲ್ಲಿ ತಪ್ಪುವುದು ವೀಸಾದಲ್ಲಿ. ಪ್ರವಾಸಿ ವೀಸಾದಲ್ಲಿ ಬಂದವರು ಹಣ ಪಡೆಯದೆ ಹೆಚ್ಚೆಂದರೆ ಒಂದು ತಿಂಗಳ ಸ್ವಯಂಸೇವೆ ಮಾಡಬಹುದು. ‘ಇನ್ನೆರಡು ತಿಂಗಳು ಇದ್ದು ಮಕ್ಕಳಿಗೆ ಇಂಗ್ಲಿಷ್ ಕಲಿಸಲಿ’ ಎಂದು ಪ್ರೀತಿಯಿಂದ ಹೇಳುವ ಶಾಲೆಗಳು ಆ ವ್ಯಕ್ತಿಯನ್ನು ತೊಂದರೆಗೆ ದೂಡುತ್ತವೆ.

ನಡುವೆ ನಿಲ್ಲುವ ಮನುಷ್ಯ

ವಿದ್ಯಾರ್ಥಿಗೆ ಒಬ್ಬ ಕೌನ್ಸೆಲರ್ ಇರುತ್ತಾರೆ. ಎಎಫ್‌ಎಸ್‌ನವರು ಸಂಪರ್ಕ ವ್ಯಕ್ತಿ ಎನ್ನುತ್ತಾರೆ. ಹುಡುಗನನ್ನು ಇಟ್ಟುಕೊಂಡ ಮನೆಯವರೇ ಕೌನ್ಸೆಲರ್ ಆಗುವಂತಿಲ್ಲ, ಇದು ಕಡ್ಡಾಯ. ಸಣ್ಣ ಊರಿನಲ್ಲಿ ಈ ನಿಯಮದ ಕತ್ತು ಹಿಸುಕುವುದು ಸುಲಭ. ಕಾಕಾನ ಮನೆಯಲ್ಲಿ ಹುಡುಗ, ಅವರ ತಮ್ಮನೇ ಕೌನ್ಸೆಲರ್. ಕಾಗದದ ಮೇಲೆ ಬೇರೆ ಮನೆ, ನಿಜದಲ್ಲಿ ಒಂದೇ ಅಡುಗೆಮನೆ. ಆಗ ‘ಈ ಮನೆಯಲ್ಲಿ ನನಗೆ ಹೀಗಾಗುತ್ತಿದೆ’ ಎಂದು ಹೇಳಿಕೊಳ್ಳಲು ಆ ಮಗುವಿಗೆ ಊರಿನಲ್ಲಿ ಯಾರೂ ಉಳಿಯುವುದಿಲ್ಲ. ಮನೆಯವರಿಗೂ ಇದರಿಂದ ನಷ್ಟವೇ. ‘ಹುಡುಗಿ ಬಾಗಿಲು ಹಾಕಿಕೊಂಡು ಫೋನಿನಲ್ಲೇ ಇರ್ತಾಳ’ ಎಂಬ ದೂರನ್ನು ಜಗಳವಾಗದಂತೆ ಅವಳಿಗೆ ತಲುಪಿಸುವವರು ಹೊರಗಿನವರೇ ಆಗಿರಬೇಕು.

ಒಳ್ಳೆಯ ಕೌನ್ಸೆಲರ್ ತಿಂಗಳಿಗೊಮ್ಮೆಯಾದರೂ ವಿದ್ಯಾರ್ಥಿಯನ್ನು ಮನೆಯ ಹೊರಗೆ, ಒಬ್ಬರೇ ಕೂತು ಮಾತಾಡಿಸುತ್ತಾರೆ. ಮನೆಯ ಹಾಲಿನಲ್ಲಿ ಚಹಾ ಕುಡಿಯುತ್ತ ‘ಎಲ್ಲಾ ಆರಾಮ?’ ಎಂದು ಕೇಳುವುದು ಲೆಕ್ಕಕ್ಕಿಲ್ಲ. ಎದುರಿಗೆ ಆಂಟಿ ನಿಂತಿರುವಾಗ ಯಾವ ಮಗುವೂ ‘ಇಲ್ಲ’ ಎನ್ನುವುದಿಲ್ಲ. ಸ್ವಯಂಸೇವಕರಾಗಲು ಬಯಸುವವರು ತಿಂಗಳಿಗೆ ಎರಡು ಸಂಜೆ, ವರ್ಷಕ್ಕೆ ನಾಲ್ಕೈದು ಇಡೀ ದಿನ, ಮತ್ತು ಯಾವ ಹೊತ್ತಿಗಾದರೂ ಎತ್ತುವ ಫೋನು ಇಷ್ಟನ್ನು ಕೊಡಬಲ್ಲೆನೇ ಎಂದು ನೋಡಿಕೊಳ್ಳಲಿ. ಸಂಬಳವಿಲ್ಲ, ಮನೆಯವರಿಗೂ ಹಣ ಬರುವುದಿಲ್ಲ. ವಿಮಾನದ ಖರ್ಚು, ವಿಮೆ ವಿದ್ಯಾರ್ಥಿಯ ಕಡೆಯದು. ರೋಟರಿಯಲ್ಲಿ ಆತಿಥೇಯ ಕ್ಲಬ್ ವಿದ್ಯಾರ್ಥಿಗೆ ತಿಂಗಳಿಗೆ ಸಣ್ಣ ಕೈಖರ್ಚು ಕೊಡುತ್ತದೆ. ಹಾಸಿಗೆ, ಊಟ, ಪ್ರೀತಿ ಮನೆಯವರದು.

ಒಪ್ಪಿಗೆಗೆ ಮುಂಚೆ ಮನೆಯವರ ಸಂದರ್ಶನ, ಮನೆ ನೋಡುವುದು, ಪರಿಚಯದವರಿಂದ ಮಾತು, ಪೊಲೀಸ್ ಪರಿಶೀಲನೆ ಇರುತ್ತದೆ. ಪೊಲೀಸ್ ಪ್ರಮಾಣಪತ್ರಕ್ಕೆ ಸೇವಾ ಸಿಂಧು ಪೋರ್ಟಲ್‌ನಲ್ಲಿ ಅರ್ಜಿ ಹಾಕಬಹುದು. ‘ನಮ್ಮ ಮನೆತನ ಇಡೀ ಓಣಿಗೆ ಗೊತ್ತು, ಪೊಲೀಸರು ಯಾಕೆ?’ ಎಂದು ಬೇಸರಪಡುವವರಿದ್ದಾರೆ. ಪರಊರಿನ ಕಾಲೇಜಿಗೆ ಮಗಳನ್ನು ಕಳಿಸುವಾಗ ಆ ಹಾಸ್ಟೆಲಿನ ಬಗ್ಗೆ ನಾವು ಎಷ್ಟು ವಿಚಾರಿಸುತ್ತೇವೆ ಎಂದು ನೆನೆದರೆ ಆ ಬೇಸರ ಉಳಿಯಲಾರದು. ಪರಿಶೀಲನೆಯೇ ಇಲ್ಲದೆ ‘ನಾಳೆಯೇ ಕಳಿಸ್ತೀವಿ’ ಎನ್ನುವ ಏಜೆಂಟರನ್ನು ಬಾಗಿಲಲ್ಲೇ ತಿರುಗಿಸಿ ಕಳಿಸಿ.

ಇಪ್ಪತ್ನಾಲ್ಕು ತಾಸಿನ ಕಾಗದ

ಎಲ್ಲಕ್ಕಿಂತ ಹೆಚ್ಚು ಮನೆಗಳು ಎಡವುವುದು ಇಲ್ಲಿ. ವಿದೇಶಿಯರು ನಿಮ್ಮ ಮನೆಯಲ್ಲಿ ತಂಗಿದರೆ, ಬಂದ 24 ತಾಸಿನೊಳಗೆ ಆ ಮಾಹಿತಿಯನ್ನು ಆನ್‌ಲೈನಿನಲ್ಲಿ ವಿದೇಶಿಯರ ನೋಂದಣಿ ಅಧಿಕಾರಿಗೆ ಸಲ್ಲಿಸಬೇಕು. ಜನ ಇದನ್ನು ಸಿ-ಫಾರ್ಮ್ ಎನ್ನುತ್ತಾರೆ. 2025ರ ಸೆಪ್ಟೆಂಬರ್ 1ರಿಂದ ಹೊಸ ವಲಸೆ ಮತ್ತು ವಿದೇಶಿಯರ ಕಾಯ್ದೆ ಬಂದು 1946ರ ಹಳೆಯ ಕಾಯ್ದೆ ಹೋಯಿತು, ಆದರೆ ಈ ಹೊಣೆ ಹೋಗಿಲ್ಲ. ಹೋಟೆಲಿಗೆ ಮಾತ್ರ ಎಂಬುದು ತಪ್ಪು ತಿಳಿವಳಿಕೆ. ಬಾಡಿಗೆ ಪಡೆಯದೆ ಇಟ್ಟುಕೊಂಡ ಮನೆಗೂ ಇದೇ ನಿಯಮ.

ಅರ್ಜಿ ತುಂಬಲು ಹತ್ತು ನಿಮಿಷ ಸಾಕು. ಆದರೆ ಅದಕ್ಕೆ ಮುಂಚೆ ನಿಮ್ಮ ಮನೆ ಆ ಸಿ-ಫಾರ್ಮ್ ಪೋರ್ಟಲ್‌ನಲ್ಲಿ ನೋಂದಣಿಯಾಗಿ, ಅದಕ್ಕೆ ಅಧಿಕಾರಿಯ ಒಪ್ಪಿಗೆ ಸಿಕ್ಕಿರಬೇಕು. ಈ ಒಪ್ಪಿಗೆಗೆ ದಿನಗಳು ಹಿಡಿಯುತ್ತವೆ. ಹುಡುಗ ಶಂಶಾಬಾದ್ ವಿಮಾನ ನಿಲ್ದಾಣದಲ್ಲಿ ಇಳಿದು, ಸೇಡಂ, ವಾಡಿ ದಾಟಿ ಮನೆಗೆ ಬಂದ ಮೇಲೆ ಲ್ಯಾಪ್‌ಟಾಪ್ ತೆಗೆದರೆ 24 ತಾಸು ಅಲ್ಲೇ ಮುಗಿದಿರುತ್ತದೆ. ಮೂರು-ನಾಲ್ಕು ವಾರ ಮುಂಚೆಯೇ ವಿದ್ಯುತ್ ಬಿಲ್ಲು, ಆಧಾರ್ ಇಟ್ಟುಕೊಂಡು ಮನೆಯನ್ನು ನೋಂದಾಯಿಸಿ. ಪಾಸ್‌ಪೋರ್ಟಿನ ಫೋಟೋ ಪುಟ, ವೀಸಾ ಪುಟಗಳ ಪ್ರತಿಯನ್ನು ಸಂಸ್ಥೆಯಿಂದ ಮೊದಲೇ ತರಿಸಿಕೊಳ್ಳಿ. ಬಂದ ದಿನ ನೋಡಬೇಕಾದದ್ದು ವಲಸೆ ಮೊಹರಿನ ತಾರೀಖು ಮಾತ್ರ. ಹೆಸರು ತುಂಬುವಾಗ ಪಾಸ್‌ಪೋರ್ಟಿನಲ್ಲಿ ಇದ್ದಂತೆಯೇ ಅಕ್ಷರಕ್ಕೆ ಅಕ್ಷರ ಬರೆಯಿರಿ. ಮನೆತನದ ಹೆಸರನ್ನೂ ಕೊಟ್ಟ ಹೆಸರನ್ನೂ ಅದಲು-ಬದಲು ಮಾಡುವುದೇ ಸಾಮಾನ್ಯ ತಪ್ಪು.

ರೋಟರಿಯಲ್ಲಿ ಹುಡುಗ ಎರಡನೇ ಮನೆಗೆ ಹೋದ ದಿನ ಆ ಮನೆಯವರು ಹೊಸದಾಗಿ ಸಲ್ಲಿಸಬೇಕು. ಸುರಪುರಕ್ಕೋ ಬಸವಕಲ್ಯಾಣಕ್ಕೋ ಬೀಗರ ಮನೆಗೆ ಕರೆದೊಯ್ದು ರಾತ್ರಿ ಉಳಿದರೆ ಆ ಮನೆಗೂ ಅದೇ ಲೆಕ್ಕ. ಹಾಗಾಗಿ ಸಾಧ್ಯವಾದಷ್ಟು ಸಂಜೆಯೇ ಮರಳಿಬಿಡಿ. ಇದಲ್ಲದೆ 180 ದಿನಕ್ಕಿಂತ ಹೆಚ್ಚಿನ ಅವಧಿಯ ವಿದ್ಯಾರ್ಥಿ ವೀಸಾ ಇದ್ದವರು ಬಂದ 14 ದಿನದೊಳಗೆ ವಿದೇಶಿಯರ ನೋಂದಣಿ ಕಚೇರಿಯ ಇ-ಎಫ್‌ಆರ್‌ಆರ್‌ಒ ಪೋರ್ಟಲ್‌ನಲ್ಲಿ ಸ್ವತಃ ನೋಂದಾಯಿಸಿಕೊಳ್ಳಬೇಕು. ಅದಕ್ಕೆ ಶಾಲೆಯ ಬೋನಾಫೈಡ್ ಪತ್ರ, ವಾಸದ ಪುರಾವೆ ಬೇಕು. ಶಾಲೆ ಹೆಡ್ ಕ್ಲರ್ಕ್ ರಜೆಯಲ್ಲಿದ್ದಾರೆ ಎಂದು ಆ ಪತ್ರ ಹದಿನೈದನೇ ದಿನ ಕೊಟ್ಟರೆ ಪ್ರಯೋಜನವಿಲ್ಲ. ಅದನ್ನೂ ಮೊದಲೇ ಬರೆಸಿಡಿ.

ಕೋಣೆ, ನೀರು, ಸೆಕೆ

ಬೇರೆ ಕೋಣೆ ಇದ್ದರೆ ಚೆನ್ನ, ಇಲ್ಲದಿದ್ದರೂ ಬೇರೆ ಹಾಸಿಗೆ ಬೇಕೇ ಬೇಕು. ಹಂಚಿಕೊಳ್ಳುವುದಾದರೆ ಸರಿಸುಮಾರು ಅದೇ ವಯಸ್ಸಿನ ಹುಡುಗನ ಜೊತೆ ಹುಡುಗ, ಹುಡುಗಿಯ ಜೊತೆ ಹುಡುಗಿ. ಬಾಗಿಲಿಗೆ ಒಳಚಿಲಕ ಇರಲಿ. ಬಾಗಿಲು ಹಾಕಿಕೊಳ್ಳುವುದು ಸಿಟ್ಟಿನ ಗುರುತಲ್ಲ, ಅವರ ಮನೆಗಳಲ್ಲಿ ಅದು ದಿನದ ಅಭ್ಯಾಸ. ಇದನ್ನು ಮನೆಯ ಅವ್ವನಿಗೆ, ಅಜ್ಜಿಗೆ ಮೊದಲೇ ತಿಳಿಸಿ ಹೇಳಬೇಕು.

ನಳದ ನೀರು ದಿನಾ ಬರುವುದಿಲ್ಲ, ಬಂದ ದಿನ ಸಂಪು, ಟಾಕಿ ತುಂಬಿಸಿಕೊಳ್ಳಬೇಕು ಎಂಬುದು ವಿದ್ಯಾರ್ಥಿಗೆ ಕೇಳಿಯೇ ಗೊತ್ತಿಲ್ಲದ ವಿಷಯ. ಶವರ್ ಕೆಳಗೆ ಇಪ್ಪತ್ತು ನಿಮಿಷ ನಿಂತು ರೂಢಿಯಾದವನಿಗೆ ಒಂದು ಬಕೆಟ್ ನೀರು ತೋರಿಸಿ, ಇಷ್ಟರಲ್ಲಿ ತಲೆಸ್ನಾನವೂ ಆಗುತ್ತದೆ ಎಂದು ಹೇಳಿಕೊಡಿ. ಪಾಯಖಾನೆಯಲ್ಲಿ ಕಾಗದ ಹಾಕಿದರೆ ನಮ್ಮ ಪೈಪುಗಳು ಕಟ್ಟಿಕೊಳ್ಳುತ್ತವೆ. ಮುಚ್ಚಳವಿರುವ ಒಂದು ಬುಟ್ಟಿ ಇಟ್ಟು, ಜೆಟ್ ಹೇಗೆ ಬಳಸುವುದು ಎಂದು ಮೊದಲ ದಿನವೇ, ನಾಚಿಕೆಯಿಲ್ಲದೆ, ಮನೆಯ ಅದೇ ವಯಸ್ಸಿನವರು ಹೇಳಲಿ. ಪ್ಯಾಡ್‌ಗಳನ್ನು ಯಾವುದರಲ್ಲಿ ಸುತ್ತಿ ಎಲ್ಲಿ ಹಾಕಬೇಕು ಎಂಬುದನ್ನೂ ಆಗಲೇ ಹೇಳಿಬಿಡಬೇಕು. ಹೇಳದೆ ಬಿಟ್ಟ ಮನೆಗಳಲ್ಲಿ ಹುಡುಗಿಯರು ವಾರಗಟ್ಟಲೆ ಬ್ಯಾಗಿನಲ್ಲಿ ಮುಚ್ಚಿಟ್ಟುಕೊಳ್ಳುತ್ತಾರೆ.

ಸೆಕೆಗೆ ಏಸಿ ಇಲ್ಲದಿದ್ದರೆ ಕೂಲರ್ ಸಾಕು. ನಮ್ಮದು ಒಣ ಸೆಕೆ, ಏಪ್ರಿಲ್-ಮೇನಲ್ಲಿ 40 ಡಿಗ್ರಿ ದಾಟಿದರೂ ಕೂಲರ್ ಚೆನ್ನಾಗಿ ಕೆಲಸ ಮಾಡುತ್ತದೆ. ಕಿಟಕಿ ಒಂದಿಷ್ಟು ತೆರೆದಿರಲಿ, ಇಲ್ಲದಿದ್ದರೆ ಕೋಣೆ ಬರೀ ತೇವವಾಗುತ್ತದೆ. ದೊಡ್ಡ ತೊಂದರೆ ಬೇರೆ. ಆ ಎರಡು ತಿಂಗಳು ಶಾಲೆಗೆ ರಜೆ, ಹುಡುಗ ಇಡೀ ದಿನ ಮನೆಯಲ್ಲಿ. ಬಂದು ಎಂಟು-ಒಂಬತ್ತು ತಿಂಗಳಾದ ಮೇಲೂ ಮನೆ ಬದಲಿಸುವ ಜಗಳಗಳು ಹುಟ್ಟುವುದು ಈ ರಜೆಯಲ್ಲೇ. ಈ ತಿಂಗಳುಗಳಿಗೆ ಕೆಲಸ ಜೋಡಿಸಿಡಿ. ಬೆಳಗಿನ ಈಜು, ತಬಲಾ ಪಾಠ, ಬೀದರಿನಲ್ಲಿ ಬಿದರಿ ಕುಶಲಕರ್ಮಿಯ ಬಳಿ ಒಂದು ವಾರ, ಏನಾದರೂ ಸರಿ.

ಊಟ, ಅದರಲ್ಲೂ ಶೇಂಗಾ

ವಿದ್ಯಾರ್ಥಿಯ ಆರೋಗ್ಯದ ವಿವರ ಮನೆಯವರ ಕೈಗೆ ಮೊದಲೇ ಬರುತ್ತದೆ. ಅದರಲ್ಲಿ ಮೊದಲು ಹುಡುಕಬೇಕಾದ ಶಬ್ದ ಶೇಂಗಾ. ಪಶ್ಚಿಮದ ದೇಶಗಳ ಮಕ್ಕಳಲ್ಲಿ ಶೇಂಗಾ ಅಲರ್ಜಿ ಅಪರೂಪವಲ್ಲ, ಮತ್ತು ನಮ್ಮ ಅಡುಗೆಮನೆಯಲ್ಲಿ ಶೇಂಗಾ ಇಲ್ಲದ ಮೂಲೆ ಇಲ್ಲ. ಹಿಂಡಿಯಲ್ಲಿ ಇದೆ ಎಂಬುದು ಎಲ್ಲರಿಗೂ ಗೊತ್ತು. ಎಣ್ಣೆಗಾಯಿಯ ಹೂರಣದಲ್ಲಿ, ಸೌತೆಕಾಯಿ ಕೋಸಂಬರಿಯಲ್ಲಿ, ಸುಸಲಾದಲ್ಲಿ, ಚೂಡಾದಲ್ಲಿ, ಹೋಳಿಗೆಯಲ್ಲಿ, ಎಷ್ಟೋ ಮನೆಗಳ ಕರಿಯುವ ಎಣ್ಣೆಯಲ್ಲೂ ಅದೇ. ಪಲ್ಯ ಗಟ್ಟಿಯಾಗಲಿ ಎಂದು ಕೊನೆಗೆ ಉದುರಿಸುವ ಒಂದು ಹಿಡಿ ಪುಡಿ ಅಡುಗೆ ಮಾಡಿದವರಿಗೇ ನೆನಪಿರುವುದಿಲ್ಲ. ಹುರಿದ ಶೇಂಗಾ ತಿರುವಿದ ಮಿಕ್ಸಿ ಜಾರಿನಲ್ಲೇ ಮರುದಿನ ಕೊಬ್ಬರಿ ಚಟ್ನಿ ರುಬ್ಬಿದರೂ ತೀವ್ರ ಅಲರ್ಜಿಯವರಿಗೆ ಅಪಾಯ. ನಮ್ಮ ತೀರ್ಪು ಕಠಿಣವೇ: ತೀವ್ರ ಶೇಂಗಾ ಅಲರ್ಜಿ ಎಂದು ಬರೆದಿದ್ದರೆ ಆ ಮಗುವನ್ನು ನಮ್ಮ ಭಾಗದ ಮನೆಗೆ ಒಪ್ಪಿಕೊಳ್ಳಬೇಡಿ. ನಿಮ್ಮ ಅಡುಗೆಮನೆಯನ್ನು ನೀವು ತೊಳೆದಿಡಬಹುದು, ಜಾತ್ರೆಯಲ್ಲಿ, ಗೆಳೆಯರ ಮನೆಯಲ್ಲಿ, ಶಾಲೆಯ ಡಬ್ಬಿಯಲ್ಲಿ ತಡೆಯಲಾಗುವುದಿಲ್ಲ. ಅವರು ತೊಡೆಗೆ ಚುಚ್ಚಿಕೊಳ್ಳುವ ಅಡ್ರಿನಲಿನ್ ಪೆನ್ನು ನಮ್ಮ ಔಷಧ ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವುದೂ ಇಲ್ಲ.

ಅಲರ್ಜಿ ಇಲ್ಲದವರಿಗೆ ಜೋಳದ ರೊಟ್ಟಿ ನಿಧಾನಕ್ಕೆ ಒಗ್ಗುತ್ತದೆ. ಮೊದಲ ವಾರ ಮಧ್ಯಾಹ್ನಕ್ಕೆ ಮಾತ್ರ, ಅರ್ಧ ರೊಟ್ಟಿ, ತವೆಯಿಂದ ಆಗಷ್ಟೇ ಇಳಿಸಿದ್ದು, ಮೊಸರು ಅಥವಾ ತೊಗರಿಬೇಳೆಯ ಜೊತೆ. ನಾರು ಹೆಚ್ಚಿರುವುದರಿಂದ ರಾತ್ರಿ ಎರಡು ರೊಟ್ಟಿ ತಿನ್ನಿಸಿದರೆ ಹೊಟ್ಟೆ ಉಬ್ಬಿ ‘ಖಾರ ತಿಂದು ಹೀಗಾಯ್ತು’ ಎಂದು ತಪ್ಪು ಲೆಕ್ಕ ಹಾಕುತ್ತಾರೆ. ಹಲ್ಲಿಗೆ ತಂತಿ ಹಾಕಿಸಿಕೊಂಡು ಬರುವವರು ಬಹಳ. ಅವರಿಗೆ ಕಡಕ್ ರೊಟ್ಟಿ ಬೇಡ. ತಂತಿಯ ಬ್ರಾಕೆಟ್ ಕಿತ್ತು ಬಂದರೆ ಹಲ್ಲಿನ ಖರ್ಚು ಬಹಳಷ್ಟು ವಿಮೆಗಳಲ್ಲಿ ಸೇರಿರುವುದಿಲ್ಲ.

ನೀಡುವ ರೀತಿಯನ್ನೂ ನೋಡಬೇಕು. ‘ಇನ್ನೊಂದ್ ಹಾಕ್ತೀನಿ ತಗೋ’ ಎನ್ನುವುದು ನಮ್ಮ ಅಕ್ಕರೆ. ತಟ್ಟೆಯಲ್ಲಿ ಬಿಡಬಾರದು ಎಂದು ಕಲಿತು ಬಂದ ಮಗು ಹಾಕಿದ್ದನ್ನೆಲ್ಲ ಮುಗಿಸುತ್ತದೆ. ಖಾಲಿ ತಟ್ಟೆ ಕಂಡ ಕೂಡಲೇ ಮತ್ತೆ ಹಾಕುತ್ತೇವೆ. ವಾರದಲ್ಲಿ ಹುಡುಗ ಊಟದ ಹೊತ್ತಿಗೆ ಕೋಣೆಯಿಂದ ಹೊರಗೇ ಬರುವುದಿಲ್ಲ. ಹಾಗಾಗಿ ಕಲಿಸಬೇಕಾದ ಮೊದಲ ಕನ್ನಡ ‘ನಮಸ್ಕಾರ’ ಅಲ್ಲ. ತಟ್ಟೆಯ ಮೇಲೆ ಅಂಗೈ ಅಡ್ಡ ಹಿಡಿದು ‘ಸಾಕ್ರೀ, ಬ್ಯಾಡ್ರಿ’ ಅನ್ನುವುದು. ಅದಕ್ಕೆ ಬೆಲೆ ಕೊಟ್ಟು ಸೌಟು ಹಿಂದೆ ತೆಗೆದುಕೊಳ್ಳುವುದನ್ನು ಮನೆಯವರು ಕಲಿಯಬೇಕು. ಮನೆ ಶಾಖಾಹಾರಿ ಎಂದಾದರೆ ಅರ್ಜಿಯಲ್ಲೇ ಸ್ಪಷ್ಟವಾಗಿ ಬರೆಯಿರಿ. ತತ್ತಿ, ಮಾಂಸವನ್ನು ಹೊರಗೆ ತಿಂದು ಬರಬಹುದೇ ಇಲ್ಲವೇ ಎಂಬುದನ್ನೂ ಬರೆಯಿರಿ.

ಆಸ್ಪತ್ರೆ, ನಿಯಮಗಳು

ವಿದ್ಯಾರ್ಥಿಯ ವಿಮೆ ಬಹಳ ಸಲ ನಗದುರಹಿತವಲ್ಲ. ಮೊದಲು ಕಟ್ಟಿ ಆಮೇಲೆ ಪಡೆಯುವುದು. ಚೀಟಿಯ ಮೇಲೆ ಪೆನ್ನಿನಲ್ಲಿ ಮೊತ್ತ ಬರೆದುಕೊಟ್ಟರೆ ವಿಮಾ ಕಂಪನಿ ಒಪ್ಪುವುದು ಕಷ್ಟ. ನಂಬರಿರುವ ಅಚ್ಚಾದ ಬಿಲ್ಲು, ಕಾಯಿಲೆಯ ಹೆಸರು ಇಂಗ್ಲಿಷಿನಲ್ಲಿ ಬರೆದ ವೈದ್ಯರ ಚೀಟಿ, ಮೊಹರು ಈ ಮೂರನ್ನೂ ಅಲ್ಲೇ ಕೇಳಿ ಪಡೆಯಿರಿ. 18 ತುಂಬದವರ ಚಿಕಿತ್ಸೆಗೆ ತಂದೆ-ತಾಯಿ ಸಹಿ ಮಾಡಿದ ಒಪ್ಪಿಗೆ ಪತ್ರದ ಪ್ರತಿ ಮನೆಯಲ್ಲಿರಲಿ. ನಾಯಿ ಕಚ್ಚಿದರೆ, ಪರಚಿದರೂ ಸರಿ, ಗಾಯವನ್ನು ಹರಿಯುವ ನೀರು, ಸೋಪಿನಿಂದ 15 ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಿ. ಬರುವ ಮುಂಚೆಯೇ ರೇಬೀಸ್ ಲಸಿಕೆ ಪೂರ್ತಿ ಪಡೆದವರಿಗೆ ಸಾಮಾನ್ಯವಾಗಿ ಎರಡೇ ಡೋಸ್ ಸಾಕಾಗುತ್ತದೆ. ಅವರ ಲಸಿಕೆ ಕಾರ್ಡನ್ನು ವೈದ್ಯರಿಗೆ ತೋರಿಸಲು ಮರೆಯಬೇಡಿ.

ರೋಟರಿಯಲ್ಲಿ ನಾಲ್ಕು ನಿಷೇಧಗಳು ಪ್ರಸಿದ್ಧ: ಕುಡಿತ, ಮಾದಕವಸ್ತು, ವಾಹನ ಓಡಿಸುವುದು, ಪ್ರೇಮಸಂಬಂಧ. ಎಎಫ್‌ಎಸ್‌ನಲ್ಲೂ ವಾಹನ ಓಡಿಸಿದರೆ, ಮಾದಕವಸ್ತು ಮುಟ್ಟಿದರೆ, ದಾರಿಯಲ್ಲಿ ಅಪರಿಚಿತರ ಗಾಡಿಗೆ ಕೈ ತೋರಿಸಿ ಹತ್ತಿದರೆ ಊರಿಗೆ ವಾಪಸ್. ನಮ್ಮಲ್ಲಿ ಮುರಿಯುವುದು ವಾಹನದ ನಿಯಮ. ‘ಸೂಪರ್ ಮಾರ್ಕೆಟ್ ತನಕ ಸ್ಕೂಟಿ ತಗೊಂಡ್ ಹೋಗು’ ಎಂದು ಮನೆಯ ಅಣ್ಣನೇ ಕೀಲಿ ಕೊಟ್ಟುಬಿಡುತ್ತಾನೆ. ಆ ಐದು ನಿಮಿಷದ ಸವಾರಿಗೆ ಇಡೀ ವರ್ಷ ಹೋಗಬಹುದು. ಮೇಲಾಗಿ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಂತೆ ಅಪ್ರಾಪ್ತರು ವಾಹನ ಓಡಿಸಿ ಅಪರಾಧವಾದರೆ ಪೋಷಕರಿಗೆ ಅಥವಾ ವಾಹನ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಅಣ್ಣನ ಹಿಂದೆ ಕೂತು ಹೋಗುವುದಕ್ಕೂ ಸಂಸ್ಥೆಯ ಒಪ್ಪಿಗೆ ಇದೆಯೇ ಎಂದು ಕೇಳಿ, ಹೆಲ್ಮೆಟ್ ಎರಡಿರಲಿ.

ಕೋಟೆ, ಬುದ್ಧ ವಿಹಾರ, ಬಂದೇನವಾಜ್ ದರ್ಗಾ, ಶರಣಬಸವೇಶ್ವರ ಜಾತ್ರೆ ಎಲ್ಲಿಗೆ ಹೋದರೂ ಸೆಲ್ಫಿ ಕೇಳುವವರು ಮುತ್ತುತ್ತಾರೆ. ಮೊದಲ ದಿನ ಅದು ಖುಷಿ, ಹತ್ತನೇ ದಿನ ಹಿಂಸೆ. ‘ಬ್ಯಾಡ್ರಿ ಅಣ್ಣಾ’ ಎನ್ನಲು ಹುಡುಗಿಗೆ ಹೇಳಿಕೊಡಿ, ಜೊತೆಗಿದ್ದವರು ಮುಂದೆ ನಿಂತು ತಡೆಯಿರಿ. ಮುಜುಗರದ ಮುಟ್ಟುವಿಕೆಯೇನಾದರೂ ಆದರೆ ‘ಊರಿನ ಮರ್ಯಾದೆ’ ಎಂದು ಮುಚ್ಚಿಹಾಕಬಾರದು. 18ರೊಳಗಿನವರಿಗೆ, ಯಾವ ದೇಶದವರಾದರೂ, ಪೋಕ್ಸೊ ಕಾಯ್ದೆಯ ರಕ್ಷಣೆ ಇದೆ. 112 ಮತ್ತು ಮಕ್ಕಳ ಸಹಾಯವಾಣಿ 1098 ಎರಡೂ ಅವರ ಫೋನಿನಲ್ಲಿ ಮೊದಲ ದಿನವೇ ಇರಲಿ.

ಶಾಲೆಯ ಆಯ್ಕೆಯಲ್ಲಿ ಪಿಯು ಮೊದಲ ವರ್ಷ ಅಥವಾ ಸಿಬಿಎಸ್‌ಇ 11 ಸರಿ. ಬೋರ್ಡ್ ಪರೀಕ್ಷೆಯ ತರಗತಿಯಲ್ಲಿ ಕೂಡಿಸಿದರೆ ಪಕ್ಕದ ಹುಡುಗರಿಗೆ ಮಾತಾಡಲೂ ಪುರುಸೊತ್ತಿಲ್ಲ. ಭಾಷೆಯ ವಿಷಯಕ್ಕೆ ಬಂದರೆ ಪುಸ್ತಕದ ‘ಹೋಗುತ್ತೇನೆ’ ಕಲಿತು ಬಂದವರಿಗೆ ಮನೆಯ ‘ಹೋಗ್ತೀನ್ರಿ’, ಓಣಿಯ ದಖ್ಖನಿ ಉರ್ದು, ಭಾಲ್ಕಿ ಕಡೆಯ ಮರಾಠಿ, ಗುರುಮಠಕಲ್ ಕಡೆಯ ತೆಲುಗು ಒಟ್ಟಿಗೇ ಕಿವಿಗೆ ಬೀಳುತ್ತವೆ. ಮೂರು ತಿಂಗಳು ಗೊಂದಲವಾಗುತ್ತದೆ, ಆಮೇಲೆ ಅದೇ ಅವರಿಗೆ ಹೆಮ್ಮೆಯಾಗುತ್ತದೆ. ಮನೆಯ ಮಕ್ಕಳು ತಮ್ಮ ಇಂಗ್ಲಿಷ್ ಸುಧಾರಿಸಲೆಂದು ಇಡೀ ದಿನ ಇಂಗ್ಲಿಷಿನಲ್ಲೇ ಮಾತಾಡಿಸುವುದು ಬೇಡ. ರಾತ್ರಿ ಊಟದ ಹೊತ್ತು ಕನ್ನಡಕ್ಕೆ ಮೀಸಲಿರಲಿ.

ನಮ್ಮ ಮಕ್ಕಳನ್ನು ಕಳಿಸುವವರಿಗೆ ಎರಡು ಮಾತು. ಅಮೆರಿಕದ ಹೈಸ್ಕೂಲ್ ವಿನಿಮಯದ ಜೆ-1 ವೀಸಾಕ್ಕೆ 15ರಿಂದ 18 ವರ್ಷ 6 ತಿಂಗಳ ವಯೋಮಿತಿ ಇದೆ, 11 ವರ್ಷಕ್ಕಿಂತ ಹೆಚ್ಚು ಶಾಲೆ ಮುಗಿಸಿರಬಾರದು. ಹಾಗಾಗಿ ದ್ವಿತೀಯ ಪಿಯು ಆದ ಮೇಲೆ ಯೋಚಿಸಿದರೆ ಬಾಗಿಲು ಮುಚ್ಚಿರುತ್ತದೆ. ಎಸ್ಸೆಸ್ಸೆಲ್ಸಿ ಓದುವಾಗಲೇ ಪಾಸ್‌ಪೋರ್ಟ್ ಮಾಡಿಸಿ, ಕಲಬುರಗಿಯಲ್ಲೇ ಕೇಂದ್ರವಿದೆ. 2002ರಲ್ಲಿ ಶುರುವಾದ ಕೆನಡಿ-ಲೂಗರ್ ಯೆಸ್ ಕಾರ್ಯಕ್ರಮಕ್ಕೆ ಹಣ ಕೊಡುವುದು ಅಮೆರಿಕ ಸರ್ಕಾರ. ಶುಲ್ಕ ಕಟ್ಟಲಾಗದ ಜಾಣ ಮಕ್ಕಳಿಗೆ ಅದು ನಿಜವಾದ ಅವಕಾಶ. ರೋಟರಿಯಲ್ಲಿ ಮಗನನ್ನು ಕಳಿಸುವ ಮನೆ ಇನ್ನೊಂದು ಮಗುವನ್ನು ಇಟ್ಟುಕೊಳ್ಳಲು ಸಿದ್ಧವಿರಬೇಕೆಂಬ ನಿರೀಕ್ಷೆ ಸಾಮಾನ್ಯವಾಗಿ ಇರುತ್ತದೆ. ಮೇಲೆ ಹೇಳಿದ್ದೆಲ್ಲ ಅವರಿಗೂ ಬೇಕಾಗುತ್ತದೆ.

ಹೊರಡುವ ದಿನಕ್ಕೆ ಉಡುಗೊರೆ ಕೊಡುವವರು ತೂಕ ನೋಡಿ ಕೊಡಿ. ಎಣ್ಣೆ ಹಾಕಿದ ಉಪ್ಪಿನಕಾಯಿ ಸೂಟ್‌ಕೇಸಿನಲ್ಲಿ ಸೋರುತ್ತದೆ, ಬೀಜ ಮತ್ತು ಹಸಿ ಪದಾರ್ಥಗಳನ್ನು ಹಲವು ದೇಶಗಳ ಕಸ್ಟಮ್ಸ್‌ನವರು ಬಿಡುವುದಿಲ್ಲ. ಅಂಗೈಯಗಲದ ಬಿದರಿ ಡಬ್ಬಿ ಸಾಕು. ಸತುವಿನ ಮಿಶ್ರಲೋಹವಾದ್ದರಿಂದ ಸಣ್ಣದೂ ಭಾರ, ಹಾಗಾಗಿ ಬಟ್ಟೆಯ ನಡುವೆ ಸುತ್ತಿ ದೊಡ್ಡ ಬ್ಯಾಗಿನಲ್ಲಿಡಿ. ಬೀದರ್ ಕೋಟೆಯ ಮಣ್ಣಿನಿಂದ ಬಂದ ಆ ಕಪ್ಪು ಬಣ್ಣ ಉಳಿಯಬೇಕಾದರೆ ಸೋಪು ಹಾಕಿ ತೊಳೆಯಬಾರದು, ಒಣ ಬಟ್ಟೆಯಿಂದ ಒರೆಸಿ ಆಗಾಗ ಒಂದು ಹನಿ ಕೊಬ್ಬರಿ ಎಣ್ಣೆ ಸವರಬೇಕು. ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು, ಕೆಳಗೆ ಮನೆಯ ಫೋನ್ ನಂಬರು ಹಾಕಿ, ಡಬ್ಬಿಯ ಒಳಗೇ ಇಟ್ಟುಬಿಡಿ.